ಭಾವ ಓದಲಾಗದ ಸಾಲು

ನಮ್ಮ ಭಾವ ಓದದೆ ಬಿಟ್ಟ ಅಕ್ಷರ ಈ ಭೂಮಂಡಲದಲ್ಲಿ ಇನ್ನೂ ಅಚ್ಚಾಗಿಲ್ಲ. ಅಂಗಿಯ ಕಾಲರಿನ ಹಿಂದೆ ಹೊಲಿದ ಒಗೆಯುವ ಸೂಚನೆ, ಬಸ್ ಟಿಕೆಟ್ಟಿನ ಬೆನ್ನು, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮೈಮೇಲಿನ ಎಚ್ಚರಿಕೆ, ಎಲ್ಲವನ್ನೂ ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ, ತುಟಿಯಾಡಿಸುತ್ತ ಮುಗಿಸಿದ ಮೇಲೆಯೇ ಅವರು ಮುಂದಿನ ಹೆಜ್ಜೆ ಇಡುವುದು. ಲಿಫ್ಟಿನಲ್ಲಿ 'ಗರಿಷ್ಠ ಎಂಟು ಜನ' ಎಂದು ಓದಿ, ತಲೆ ಎಣಿಸಿ, ಒಂಬತ್ತನೆಯವರಾದ ಸ್ವಂತ ಅತ್ತೆಯನ್ನು, ಅಂದರೆ ನನ್ನ ತಾಯಿಯನ್ನು, ಹೊರಗಿಳಿಸಿದ ಕೀರ್ತಿ ಅವರದು. ಔಷಧದ ಪೊಟ್ಟಣದೊಳಗೆ ಮಡಚಿಡುವ ಚೀಟಿಗಳ ಕರಡು ತಿದ್ದುವುದೇ ಅವರ ಉದ್ಯೋಗ. ಲೋಕದಲ್ಲಿ ಯಾರೂ ಓದದ್ದನ್ನು ಓದಿ ಸಂಬಳ ಪಡೆಯುವ ಮಹಾವೀರ.

ಇಂಥವರನ್ನು, ಸದಸ್ಯರ ಹಣವನ್ನು ಕಂಪ್ಯೂಟರಿನಲ್ಲೇ ಕೂಡಿಡುವ ಒಂದು ಡಿಜಿಟಲ್ ನಿಧಿಯವರು ಹುಡುಕಿಕೊಂಡು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಬ್ಯಾಂಕಿಲ್ಲ, ಮ್ಯಾನೇಜರಿಲ್ಲ, ಮನುಷ್ಯರನ್ನು ನಂಬುವ ದರ್ದೇ ಇಲ್ಲ, ಎಲ್ಲವನ್ನೂ ಪ್ರೋಗ್ರಾಮೇ ನೋಡಿಕೊಳ್ಳುತ್ತದೆ ಎಂದು ಜಂಬ ಕೊಚ್ಚುತ್ತಿದ್ದ ಆ ನಿಧಿಯ ಖಜಾನೆಗೆ ಮಾತ್ರ ಐವರು ಮನುಷ್ಯರದೇ ಕಾವಲು. ಅವರಲ್ಲಿ ಮೂವರು ತಂತಮ್ಮ ಪುಟ್ಟ ಯಂತ್ರದ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ. ಆ ಐವರಲ್ಲೊಬ್ಬರಾಗಿ ಸದಸ್ಯರು ಒಕ್ಕೊರಲಿನಿಂದ ಭಾವನನ್ನು ಆರಿಸಿದರು. ಗಂಡ ಕಾವಲಿದ್ದಾರೆಂಬ ಒಂದೇ ಧೈರ್ಯದಿಂದ ಅಕ್ಕ, ಸ್ವಂತ ಹೊಲಿಗೆ ಅಂಗಡಿಗೆಂದು ಕೂಡಿಟ್ಟದ್ದನ್ನೆಲ್ಲ ಅಲ್ಲಿಟ್ಟಳು. ಮಳಿಗೆ ಗೊತ್ತುಮಾಡಿ, ಬಟ್ಟೆ ಕತ್ತರಿಸುವ ಮೇಜು ಎಲ್ಲಿ ಬರಬೇಕೆಂದು ನೆಲದ ಮೇಲೆ ಸೀಮೆಸುಣ್ಣದ ಗೆರೆಯನ್ನೂ ಎಳೆದು ಬಂದಿದ್ದಳು.

ಒಂದು ಮಧ್ಯಾಹ್ನ, ಪ್ರೋಗ್ರಾಮನ್ನು ಸುಧಾರಿಸಲು ಒಪ್ಪಿಗೆ ಬೇಕೆಂಬ ಸಂದೇಶ ಬಂತು. ಸುಧಾರಣೆಯ ವೇಷದಲ್ಲಿ ಬಂದವನು ಕಳ್ಳ. ಇಬ್ಬರು ಒತ್ತಿದರು, ಮೂರನೆಯವರಾಗಿ ಭಾವ ಒತ್ತಿದರು, ಲೋಟದ ಚಹಾ ಆರುವುದರೊಳಗೆ ಖಜಾನೆ ಗುಡಿಸಿ ಸಾರಿಸಿದಷ್ಟು ಸ್ವಚ್ಛ. ಸಂಜೆ ನಿಧಿಯವರ ಹೇಳಿಕೆ: "ನಮ್ಮ ವ್ಯವಸ್ಥೆ ಸುಭದ್ರವಾಗಿದೆ. ಇದು ಮಾನವ ದೋಷ."

ಎಂಥ ಭಂಡ ಮಾತು! ಲಾಭ ಬಂದಾಗ ಪ್ರೋಗ್ರಾಮಿನ ಮಹಿಮೆ, ಮನೆ ಮುಳುಗಿದಾಗ ಮಾನವನ ದೋಷ! ಆ ಯಂತ್ರವನ್ನು ನಾನೇ ನೋಡಿದೆ. ಬೆರಳಗಲದ ಪರದೆಯಲ್ಲಿ ಹಣ ಯಾರಿಗೆ ಹೋಗುತ್ತದೆಂದಿಲ್ಲ, ಎಷ್ಟು ಹೋಗುತ್ತದೆಂದಿಲ್ಲ. ತಲೆಬುಡವಿಲ್ಲದ ಅಕ್ಷರ, ಅಂಕಿಗಳ ಸಾಲೊಂದು, ಕೆಳಗೆ 'ಒಪ್ಪಿಗೆ'. ತಲೆನೋವಿನ ಮಾತ್ರೆಗೂ ಗಜದುದ್ದ ಎಚ್ಚರಿಕೆ ಅಚ್ಚಾಗುವ ಲೋಕವಿದು! ಓದಿ ನಂಬುವ ಜಾಯಮಾನದವರನ್ನು ಕಾವಲಿಗೆ ನಿಲ್ಲಿಸಿ, ಓದಲಾಗದ್ದನ್ನು ಕೈಗಿಡುವುದೆಂದರೆ ಕಣ್ಣಿಗೆ ಬಟ್ಟೆ ಕಟ್ಟಿ ಕತ್ತಿವರಸೆಗೆ ಇಳಿಸಿದಂತೆ.

"ಭಾವ, ತಪ್ಪು ಅವರದೇ! ಅದನ್ನ ಯಾವನಿಗೂ ಓದೋಕಾಗಲ್ಲ. ಕೋರ್ಟಿಗೆಳೆಯೋಣ!" ಎಂದು ಗುಡುಗಿದೆ.

"ನೀನು ಸ್ವಲ್ಪ ಸುಮ್ನಿರೋ," ಎಂದು ಅಕ್ಕ ನನ್ನನ್ನು ಗದರಿ, ಗಂಡನತ್ತ ತಿರುಗಿದಳು. "ಸೋಪಿನ ಕವರನ್ನೂ ಬಿಡೋರಲ್ಲ ನೀವು. ಅರ್ಥ ಆಗದೇ ಇದ್ದದ್ದಕ್ಕೆ ಯಾಕ್ರೀ ಒತ್ತಿದ್ರಿ? ಇದೇನಪ್ಪಾ ಅಂತ ಒಂದು ಮಾತು ಕೇಳ್ಬಾರ್ದಿತ್ತಾ?"

ಭಾವ ಕನ್ನಡಕ ತೆಗೆದು ಮಡಚಿಟ್ಟರು.

"ಅವರಿಬ್ರೂ ಆಗ್ಲೇ ಒತ್ತಿಬಿಟ್ಟಿದ್ರು ಕಣೇ. ನಂಗೊಬ್ಬನಿಗೇ ಅರ್ಥ ಆಗ್ಲಿಲ್ಲ ಅನ್ನೋಕೆ ನಾಚಿಕೆ ಆಯ್ತು."