ಹೊಸ್ತಿಲಾಚೆಯ ಬಿಸ್ಕತ್ತು

ಹೊಲಿಗೆ ಕೋಣೆಗೆ ನುಗ್ಗಿ ಗಿರಾಕಿಗಳ ಬಟ್ಟೆಯ ಮೇಲೆ ಮೈಚಾಚುವ ನಾಯಿಯಿಂದ ದರ್ಜಿ ರೋಸಿಹೋಗಿದ್ದ. ಇನ್ನೊಂದು ಬಟ್ಟೆ ಕೊಳೆಯಾದರೆ ನಾಯಿಯನ್ನು ತನ್ನ ತಮ್ಮನ ಮನೆಗೆ ಸಾಗಹಾಕುವುದಾಗಿ ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು. ಹಾಗಾಗಿ ಅವನು, "ಹೊರಗೆ" ಎಂದೊಡನೆ ನಾಯಿ ಹೊಸ್ತಿಲು ದಾಟಿ ಹೋದರೆ ಒಂದು ಬಿಸ್ಕತ್ತು ಕೊಡತೊಡಗಿದ. ಮೂರೇ ದಿನದಲ್ಲಿ ನಾಯಿ ಗಂಟೆಗೆ ಹತ್ತು ಸಲ ಒಳಗೆ ಬರತೊಡಗಿತು.

"ಒಳಗೆ ಬಂದ್ರೆ ತಾನೇ ಹೊರಗೆ ಹೋಗೋಕಾಗೋದು? ಅದೇ ನಿಮ್ಮನ್ನ ಪಳಗಿಸಿದೆ ಕಣ್ರೀ!" ಎಂದು ಹೆಂಡತಿ ಬಿದ್ದು ಬಿದ್ದು ನಕ್ಕಳು.

ಅಂದಿನಿಂದ ಹೊರಗೇ ಮಲಗಿದ್ದರಷ್ಟೇ ಬಿಸ್ಕತ್ತು. ಭಾನುವಾರ ದರ್ಜಿ ಬಿಳಿ ರೇಷ್ಮೆಯನ್ನು ಕತ್ತರಿಸಲು ನೆಲದ ಮೇಲೆ ಹರವಿದ. ನಾಯಿ ಹೊಸ್ತಿಲಿಗೆ ಗದ್ದವೂರಿ, ಮೂಗನ್ನಷ್ಟೇ ಒಳಗಿಟ್ಟು ನೋಡುತ್ತಿತ್ತು.

"ಮೂಗು ಲೆಕ್ಕಕ್ಕಿಲ್ಲ ಬಿಡಿ," ಎಂದಳು ಹೆಂಡತಿ. "ನಾಯಿ ನಮ್ಮನೇಲೇ ಇರ್ಲಿ."