ಎರಡು ಸಲ ಬಿದ್ದವನು

ಬಾಳೆಹಣ್ಣಿನ ವಾಸನೆ, ಅಲ್ಲ, ಫಿಲ್ಮ್ ಜೋಡಿಸುವ ಅಂಟಿನದು, ಬಾಟಲಿಯ ಮುಚ್ಚಳ ಹಾಕಲು ಮತ್ತೆ ಮರೆತಿದ್ದಾಳೆ, ಬೇರೆ ದಿನವಾಗಿದ್ದರೆ ಪಕ್ಕದ ಮೇಜಿನ ಹೇಜೆಲ್ ಬೈದು ಭೂತ ಬಿಡಿಸುತ್ತಿದ್ದಳು, ಈ ವಾರ ವೆರ್ನಾಳನ್ನು ಯಾರೂ ಬೈಯುವುದಿಲ್ಲ, ಕತ್ತರಿ ಕೋಣೆಯ ಹೆಂಗಸರೆಲ್ಲ ಅವಳ ಹತ್ತಿರ ಬರುವಾಗ ಹೆಜ್ಜೆ ಸಪ್ಪಳವನ್ನೂ ತಗ್ಗಿಸುತ್ತಾರೆ, ಸತ್ತವನು ಒಬ್ಬನೇ ತಮ್ಮನಲ್ಲವೇ, ಓರಿನ್, ಹೋದ ಮಂಗಳವಾರ, ಊಟದ ಹೊತ್ತಿಗಿಂತ ಮುಂಚೆ. ಕೆಳಗಿನ ದೀಪಕ್ಕೆ ಮೇಜಿನ ಗಾಜು ಬೆಚ್ಚಗಾಗಿದೆ, ಗಾಜಿನ ಮೇಲೆ ಸಿನಿಮಾದ ನೆಗೆಟಿವ್ ಸುರುಳಿ, ಸುರುಳಿಯಲ್ಲಿ ಎಲ್ಲವೂ ತಿರುವುಮುರುವು — ಕ್ಯಾಲಿಫೋರ್ನಿಯಾದ ಆಕಾಶ ಕಪ್ಪು, ನೆರಳು ಬಿಳುಪು, ಬಿಳಿ ಕುದುರೆಗೆ ಇದ್ದಿಲಿನ ಬಣ್ಣ — ದೊಡ್ಡ ಕಂಪನಿಗಳಲ್ಲಿ ಇನ್ನೊಂದು ಪ್ರತಿ ತೆಗೆದು ಅದರ ಮೇಲೆ ಕತ್ತರಿ ಆಡಿಸುತ್ತಾರಂತೆ, ಇಲ್ಲಿ ಅಷ್ಟು ಗತಿಯಿಲ್ಲ, ಮೂಲ ಸುರುಳಿಗೇ ಕತ್ತರಿ, ಗೀರು ಬಿದ್ದರೆ ಬಿತ್ತು, ಹೋದದ್ದು ಹೋಯಿತು. ಈ ಕಪ್ಪು ಮುಖಗಳಲ್ಲಿ ನಗು ಯಾವುದು ಅಳು ಯಾವುದು ಎಂದು ತಿಳಿಯಲು ಅವಳಿಗೆ ಒಂದು ವರ್ಷ ಹಿಡಿದಿತ್ತು, ಓರಿನ್‌ನನ್ನು ಗುರುತಿಸಲು ಮಾತ್ರ ಒಂದು ಗಳಿಗೆಯೂ ಬೇಕಾಗಿರಲಿಲ್ಲ.

ಎಂಥ ಪೆದ್ದು ಸಿನಿಮಾ ಇದು, ಪೆದ್ದು ಆದರೂ ಮುದ್ದು, ಕುದುರೆ ಶಾಲೆಯ ಕಿಟಕಿಯೊಳಗೆ ಮೂತಿ ತೂರಿಸಿ ಟೀಚರಮ್ಮನ ಸೇಬಿನ ಪೈ ತಿಂದುಬಿಡುತ್ತದೆ, ಕಳ್ಳತನದ ಆರೋಪ ಬಡಪಾಯಿ ಕೌಬಾಯ್ ಮೇಲೆ, ಅವನ ಮೀಸೆಯನ್ನು ಶೆರೀಫ ಭೂತಗನ್ನಡಿ ಹಿಡಿದು ತಪಾಸಣೆ ಮಾಡುತ್ತಾನೆ, ಪಿಸ್ತೂಲು ಎಳೆದು ನಿಂತ ಇಬ್ಬರು ವೈರಿಗಳು ಗುಂಡು ಮುಗಿದ ಮೇಲೆ ಒಂದೇ ಬೆಂಚಿನಲ್ಲಿ ಕೂತು ಕಾಫಿ ಕುಡಿಯುತ್ತಾರೆ, ಐದು ಸುರುಳಿಯಲ್ಲಿ ಒಬ್ಬನೂ ಸಾಯುವುದಿಲ್ಲ, ಅದಕ್ಕೇ ಅವಳಿಗೆ ಇಷ್ಟವಾಗಿತ್ತು — ಒಬ್ಬನೂ ಸಾಯುವುದಿಲ್ಲ. ನಾಯಕ ಕ್ಲಿಫ್ಟನ್ ಮೇಸ್ ಕುದುರೆ ಹತ್ತಲು ಏಣಿ ಕೇಳುವ ಆಸಾಮಿ, ಅವನ ಅಂಗಿ ತೊಟ್ಟು ಬೀಳುವುದೆಲ್ಲ ಓರಿನ್, ಅವನನ್ನು ನೆಬ್ರಾಸ್ಕಾದ ಜೋಳದ ಹೊಲದಿಂದ ಕರೆಸಿದ್ದು ಯಾರು, ಅವಳೇ, ಕೈ ಎತ್ತುವುದನ್ನು ಕಲಿಸಿದ್ದೂ ಅವಳೇ. ಬಿದ್ದವನು ಕೈ ಎತ್ತಬೇಕು, ಎತ್ತಿದರೆ ಕ್ಷೇಮ ಎಂದರ್ಥ, ಅಲ್ಲಿಯವರೆಗೆ ಕ್ಯಾಮೆರಾದವನು ಹಿಡಿಕೆ ತಿರುಗಿಸುತ್ತಲೇ ಇರುತ್ತಾನೆ, ಜನಕ್ಕೆ ಮಾತ್ರ ಆ ಕೈ ಕಾಣಬಾರದು, ಅದನ್ನು ನಾನು ಕತ್ತರಿಸಿಬಿಡ್ತೀನಿ ಅಂದಿದ್ದಳು, ಹಂಗಾದ್ರೆ ಅದನ್ನ ನೋಡೋಳು ನೀನೊಬ್ಳೇ ತಾನೆ, ಸರಿ ಬಿಡು ವೆರ್ನಾ, ನಿಂಗೋಸ್ಕರಾನೇ ಎತ್ತುತೀನಿ, ಅಂದ ಓರಿನ್. ಅಂದಿನಿಂದ ಒಂದೊಂದು ಸಲ ಒಂದೊಂದು ಚೇಷ್ಟೆ, ಮೆಳ್ಳಗಣ್ಣು, ಎರಡೇ ಬೆರಳು, ಒಮ್ಮೆ ಅಂಗೈ ಮೇಲೆ ಇದ್ದಿಲಿನಲ್ಲಿ ಬರೆದಿದ್ದ, ಭಾನುವಾರ ಊಟಕ್ಕೆ ಬರ್ತೀನಿ, ಸುರುಳಿಯಲ್ಲಿ ಅದು ಕಪ್ಪು ಕೈ ಮೇಲೆ ಬಿಳಿ ಅಕ್ಷರ, ಅವಳು ನಕ್ಕಳು, ಕತ್ತರಿಸಿದಳು, ಬುಟ್ಟಿಗೆ ಹಾಕಿದಳು, ಶನಿವಾರ ಫಿಲ್ಮ್ ಚೂರುಗಳಿಂದ ಬೆಳ್ಳಿ ತೆಗೆಯುವವನು ಬಂದು ಒಯ್ದ. ಎಷ್ಟು ಕೈಗಳು, ದೇವರೇ, ಒಂದನ್ನಾದರೂ ಇಟ್ಟುಕೊಳ್ಳಬಾರದಿತ್ತೇ.

ಮಂಗಳವಾರ ಎರಡು ಸಲ ಬಿದ್ದ. ಮೊದಲನೆಯದು ಚೆನ್ನಾಗಿಯೇ ಇತ್ತು, ಕುದುರೆಯ ನೆತ್ತಿ ದಾಟಿ ಕೆಸರಿಗೆ, ಆದರೆ ಟೋಪಿ ಹಾರ್ಲಿಲ್ಲ, ಇನ್ನೊಂದ್ಸಲ, ಅಂದರಂತೆ ನಿರ್ದೇಶಕ ಡ್ಯಾಗೆಟ್. ಎರಡನೆಯ ಸಲ ಹಾರಿತು, ಗಿರಗಿರ ತಿರುಗಿ ಹೋಗಿ ಒಂದು ಕೋಳಿಯ ಮೇಲೆ ಕವುಚಿಕೊಂಡಿತು, ಟೋಪಿ ತಾನೇ ನಡೆಯತೊಡಗಿತು, ಇಡೀ ಸಿನಿಮಾದಲ್ಲಿ ಇಷ್ಟು ನಗಿಸುವ ತುಣುಕು ಇನ್ನೊಂದಿಲ್ಲ, ಅವಳ ತುಟಿಯೂ ಒಂದು ಕ್ಷಣ ಅರಳಿತು, ತನ್ನನ್ನು ತಾನೇ ಹೊಡೆದುಕೊಳ್ಳಬೇಕೆನಿಸಿತು. ಆಮೇಲೆ ಸುರುಳಿ ಮುಗಿಯುವುದೇ ಇಲ್ಲ, ಕ್ಯಾಮೆರಾದವನು ಕೈಗಾಗಿ ಕಾಯುತ್ತಿದ್ದಾನೆ, ಎಳೆದಷ್ಟೂ ಬರುತ್ತದೆ, ಒಂದು ಮಾರು, ಎರಡು ಮಾರು, ಚಿಮ್ಮಿದ ಕೆಸರು ಇಳಿಯುತ್ತದೆ, ಕುದುರೆ ಹಿಂತಿರುಗಿ ನೋಡುತ್ತದೆ, ಕೋಳಿ ಆಚೆ ಬರುತ್ತದೆ, ಏಳು ಓರಿನ್, ಮೂರು ಮಾರು, ಕೈ ಎತ್ತೋ. ಶುಕ್ರವಾರ ಮೊದಲ ಪ್ರದರ್ಶನದಲ್ಲಿ ಗ್ಲೆಂಡೇಲಿನ ಜನ ಇದಕ್ಕೆ ಹೊಟ್ಟೆ ಹಿಡಿದು ನಗುತ್ತಾರೆ, ಆಮೇಲೆ ನೆಬ್ರಾಸ್ಕಾದಲ್ಲಿ ನಗುತ್ತಾರೆ, ಆ ನಗುವಿನ ನಡುವೆ ಅಮ್ಮ ಕೂತಿರುತ್ತಾಳೆ, ಕಾಗದ ಬರೆದಿದ್ದಾಳೆ, ಅವ್ನು ಇರೋ ಸಿನಿಮಾ ಊರಿಗೆ ಬಂದಾಗ ತಿಳಿಸು, ಒಂದ್ಸಲ ನೋಡ್ಬೇಕು. ಇದನ್ನಲ್ಲ ಅಮ್ಮ, ಇದನ್ನು ನೋಡಬೇಡ, ಕತ್ತರಿಯ ಮೊನೆ ಯಾವಾಗ ಸುರುಳಿಗೆ ತಾಗಿತೋ, ಉದ್ದಕ್ಕೆ ಎಳೆದಳು, ಕೋಳಿಯ ಮೇಲೆ, ಟೋಪಿಯ ಮೇಲೆ, ಮಲಗಿದವನ ಬೆನ್ನಿನ ಮೇಲೆ, ಕೊನೆಯವರೆಗೆ.

ಬಾಗಿಲಲ್ಲಿ ಡ್ಯಾಗೆಟ್. ಎರಡನೇದು ಹಾಳಾಗಿದೆ ಮಿಸ್ಟರ್ ಡ್ಯಾಗೆಟ್, ಗೀರು ಬಿದ್ದಿದೆ. ಅವರು ಸುರುಳಿ ಎತ್ತಿ ನೋಡಲಿಲ್ಲ, ಕತ್ತರಿಯನ್ನು ನೋಡಿದರು, ಕೆಲಸ ಹೋಯಿತು ಅಂದುಕೊಂಡಳು, ಹೋಗಲಿ. ಟೋಪಿ ಹಾರ್ದೆ ಇದ್ರೂ ನಡೀತಿತ್ತು, ಅಂದರು ಅವರು, ಮೊದಲ್ನೇದನ್ನೇ ಹಾಕು, ಕೈ ಏಳೋದ್ರೊಳಗೆ ಕತ್ತರಿಸಿಬಿಡು, ಜನಕ್ಕೆ ಕಾಣ್ಬಾರ್ದು. ಹೊರಟುಹೋದರು. ಸರಿ, ಮೊದಲನೆಯದು, ಕುದುರೆ, ಕೆಸರು, ಬಿದ್ದ, ಮಲಗಿದ್ದಾನೆ, ಬದುಕಿದ್ದಾನೆ, ಇಲ್ಲಿ ಕತ್ತರಿಸಬೇಕು, ಇಲ್ಲ, ಮುಂದಿನ ಚಿತ್ರದ ಚೌಕದಲ್ಲಿ, ಬೆರಳಷ್ಟೇ ಎದ್ದಿದೆ, ಮುಂದಿನದರಲ್ಲಿ, ಮಣಿಕಟ್ಟು, ಮುಂದಿನದರಲ್ಲಿ, ಅಂಗೈ, ಅವಳ ಕಡೆಗೇ ತಿರುಗಿದ ಅಂಗೈ, ಅಂಗೈ