ಕಾಂಡ್ಲಾ ಸೌದೆಯ ಹೊಗೆ

ಈ ಹೊಗೆ ನಮ್ಮ ಸೌದೆಯದಲ್ಲ, ಅಂದುಕೊಂಡಳು ತೆಲೇಸಿಯಾ, ತೆಂಗಿನ ತುರಿಯನ್ನು ನಾರಿನ ಜೊಂಪೆಯಲ್ಲಿ ಸುತ್ತಿ ಹಿಂಡುತ್ತಿದ್ದ ಕೈ ಅಲ್ಲಿಗೇ ನಿಂತಿತು, ಹಾಲು ಮೊಣಕೈತನಕ ಇಳಿದು ತೊಟ್ಟಿಕ್ಕಿತು — ನಮ್ಮ ಹಿತ್ತಲ ಸೌದೆಗೆ ದೀವಿಹಲಸಿನ ವಾಸನೆ, ತೆಂಗಿನ ಸಿಪ್ಪೆಯ ಘಾಟು, ಇದಕ್ಕೆ ಉಪ್ಪಿನ ವಾಸನೆ, ಇಳಿತದ ಹೊತ್ತಿನಲ್ಲಿ ಹಿನ್ನೀರಿನ ಕೆಸರು ಬಿಡುವ ವಾಸನೆ, ಆ ಕೆಸರಲ್ಲೇ ಬೇರೂರುವ ಕಾಂಡ್ಲಾ ಮರದ್ದು, ನಮ್ಮೂರಲ್ಲಿ ಕಾಂಡ್ಲಾ ಎಲ್ಲಿದೆ, ನಮ್ಮದು ಕರಿಕಲ್ಲಿನ ತೀರ, ಕಾಂಡ್ಲಾ ಬೆಳೆಯುವುದು ಗುಡ್ಡದಾಚೆ, ಅವರ ಊರಲ್ಲಿ, ಈ ಮನೆಯಲ್ಲಿ ಈಗ ಆ ಊರಿಗೆ ಹೆಸರಿಲ್ಲ, ಅವರ ಊರು ಅಂದರೆ ಸಾಕು, ತಮ್ಮ ಅಪೇಲುವನ್ನು ಗುದ್ದಿದ ಪಿಕಪ್ಪು ಬಂದ ಊರು. ಕ್ರಿಸ್ಮಸ್ ಬೆಳಗು, ಇನ್ನು ಸ್ವಲ್ಪ ಹೊತ್ತಿಗೆ ಚರ್ಚಿನ ಗಂಟೆ, ಅಷ್ಟರೊಳಗೆ ಹಂದಿ, ಕೆಸುವಿನ ಗೆಡ್ಡೆ, ದೀವಿಹಲಸು ಎಲ್ಲ ಕಾದ ಕಲ್ಲುಗಳ ನಡುವೆ ಕೂತು ಬಾಳೆಲೆ ಹೊದ್ದಿರಬೇಕು, ಮೊದಲ ಪಾಲು ಪಾದ್ರಿಗಳ ಮನೆಗೆ, ಉಳಿದದ್ದು ನಮಗೆ — ಸೌದೆ ಎಲ್ಲಿಂದ ಬಂತು, ನಾನೇ ತಂದೆನಲ್ಲ, ನಸುಕಿನಲ್ಲಿ, ಮುಂದಿನ ಅಂಗಳದಿಂದ, ದಾಸವಾಳದ ಬುಡದಲ್ಲಿ ಕಟ್ಟು ಕಟ್ಟಿ ಇಟ್ಟಿತ್ತು, ಪಕ್ಕದಲ್ಲಿ ಒಂದಿಷ್ಟು ಕಲ್ಲು, ಒಂದು ಹಿಡಿ ಎಲೆ, ಹಿಂದೆ ಚಾಪೆ ಹೊದಿಸಿದ ಒಂದು ಗುಪ್ಪೆ, ಇಯೋಸೇಫೋ ಎಲ್ಲ ಜೋಡಿಸಿಟ್ಟು ಗೆಡ್ಡೆಗೆ ಇಬ್ಬನಿ ಬೀಳದ ಹಾಗೆ ಚಾಪೆ ಮುಚ್ಚಿದ್ದಾನೆ, ಸೋಮಾರಿ ಭಾವನಿಗೆ ಈ ವರ್ಷವಾದರೂ ಬುದ್ಧಿ ಬಂತು, ಹಾಗಂದುಕೊಂಡು ನಿದ್ದೆಗಣ್ಣಲ್ಲೇ ಬಗ್ಗಿ ಕಟ್ಟನ್ನು ಎಳೆದುಕೊಂಡಾಗ ಯಾರೋ ಉಸಿರು ಒಳಗೆಳೆದ ಸದ್ದು, ಕೋಳಿ ಇರಬೇಕು, ಕೋಳಿ ಅಂತಲೇ ಅಂದುಕೊಂಡಳು.

ಏನೇ ಲಾಯರಮ್ಮ, ಹಿಂಡೋದು ಅಂದ್ರೆ ಹಿಂಡೋದು, ಮಗೂನ ತಲೆ ನೇವರಿಸೋ ಹಾಗೆ ಮಾಡ್ತೀಯಲ್ಲ, ಅಂದಳು ಲೀಸಿ ಅತ್ತೆ, ಅಪ್ಪನ ಅಕ್ಕ, ಎಳೆ ಕೆಸುವಿನೆಲೆಯ ದಂಟು ಚಿವುಟುತ್ತಾ ಕೂತವಳು, ಹಾಸ್ಟೆಲಲ್ಲಿ ಡಬ್ಬಿ ಹಾಲು ಸುರಿದೂ ಸುರಿದೂ ಕೈಯೆಲ್ಲ ಪಾದ್ರಿ ಹೆಂಡ್ತಿ ಕೈ ಆಗಿದೆ, ನೋಡು, ನಮ್ಮ ಕಾಲದಲ್ಲಿ ಹುಡುಗಿ ಕಲ್ಲೊಲೆ ಹಚ್ಚಿದ್ರೆ ಊರೆಲ್ಲ ನಗೋರು, ಗಂಡಸರು ಎಲ್ಲಿ ಹೋದ್ರು ಅಂತ — ಅಂದವಳೇ ತುಟಿ ಕಚ್ಚಿಕೊಂಡಳು, ಗಂಡಸು ಎಲ್ಲಿ ಹೋದ ಅನ್ನುವುದು ಇಬ್ಬರಿಗೂ ಗೊತ್ತಿತ್ತು, ಕೈ ಒರೆಸಿಕೊಂಡು, ಚಾಕು ಮುಂದಿನ ಮನೇಲಿ ಉಳೀತು ಅಂತ ಎದ್ದುಹೋದಳು. ತುರಿಮಣೆಯ ಮೇಲೆ ಅಪೇಲು ಕುದುರೆ ಸವಾರನ ಹಾಗೆ ಕೂರುತ್ತಿದ್ದ, ಒಂದು ಕೈಯಲ್ಲಿ ಕಾಯಿ, ಒಂದು ಕೈಯಲ್ಲಿ ಫೋನು, ಭಾನುವಾರ ತಪ್ಪದೆ ಮುಖ ತೋರಿಸುತ್ತಿದ್ದ, ಕಡಲಾಚೆಯ ಪೋರ್ಟ್ ವಿಲಾದ ಕಾಲೇಜಿನ ಅಡುಗೆಕೋಣೆಯಲ್ಲಿ ಅವಳು ಕೆಸುವಿನೆಲೆ ಸಿಗದೆ ಪಾಲಕ್ ಸೊಪ್ಪಿಗೆ ಡಬ್ಬಿಯ ತೆಂಗಿನ ಹಾಲು ಹೊಯ್ದು ಬೆಳ್ಳಿ ಕಾಗದದಲ್ಲಿ ಸುತ್ತಿ ಒಲೆಗಿಡುತ್ತಿದ್ದಳು, ಅಕ್ಕಾ, ಅದು ಪಲುಸಾಮಿನಾ, ಇಲ್ಲ ಹಸು ತಿಂದು ಬಿಟ್ಟಿದ್ದಾ, ಅಂತ ಅಲ್ಲಿಂದ ನಗುತ್ತಿದ್ದ, ಬಾಯಿ ಮುಚ್ಚೋ, ಆಸ್ತಿ ಕಾನೂನು ಓದೋಕಿದೆ, ಓದು ಓದು, ನೀನು ಜಡ್ಜ್ ಆದ್ಮೇಲೆ ನನ್ನ ಹಂದಿ ಕದ್ದೋನಿಗೆ ನೇಣು ಹಾಕು ಮತ್ತೆ — ವಾರವೆಲ್ಲ ಗ್ರಂಥಾಲಯ, ಸಂಜೆ ಮೀನಿನ ಡಬ್ಬಿ, ಒಂದು ಹಿಡಿ ಅನ್ನ, ಎದುರಿನ ಕೋಣೆಯ ಹುಡುಗಿಯ ಹಾಡು, ಮತ್ತೆ ತೀರ್ಪುಗಳು, ಯಾವುದೋ ಊರಿನ ಯಾರೋ ಸತ್ತ ಕಥೆಗಳು, ಎಲ್ಲ ಕಥೆಯಲ್ಲೂ ಸತ್ತವನಿಗೆ ಹೆಸರೇ ಇರುವುದಿಲ್ಲ, ಮೃತ ಅಂತ ಬರೆಯುತ್ತಾರೆ, ಮೃತನು ರಸ್ತೆಯ ಎಡಬದಿಯಲ್ಲಿ ನಡೆಯುತ್ತಿದ್ದನು.

ಅಕ್ಟೋಬರಿನಲ್ಲಿ, ಮಕ್ಕಳ ಭಾನುವಾರ, ಚಿಕ್ಕವರಿಗೆಲ್ಲ ಬಿಳಿ ಬಟ್ಟೆ ತೊಡಿಸಿ ಮೊದಲ ಪಂಕ್ತಿಯಲ್ಲಿ ಕೂರಿಸಿ ದೊಡ್ಡವರು ನಿಂತು ಬಡಿಸುವ ದಿನ, ಅಪೇಲು ಐಸ್‌ಕ್ರೀಮ್ ತರಲು ಅಂಗಡಿಗೆ ಹೋದ, ಸಕಾರಿಯಾ ಅನ್ನುವವನು ಕುಡಿದು ಗಾಡಿ ಓಡಿಸುತ್ತಿದ್ದ, ಐಸ್‌ಕ್ರೀಮ್ ಡಬ್ಬಿ ಒಡೆಯಲೇ ಇಲ್ಲವಂತೆ, ಅದನ್ನು ಯಾರಾದರೂ ಹೇಳಬೇಕಿತ್ತೇ ನನಗೆ. ಅವಳು ಬರಲಿಲ್ಲ. ಪರೀಕ್ಷೆ ಇತ್ತು, ವಿಮಾನವೂ ಸಿಗಲಿಲ್ಲ, ಎರಡರಲ್ಲಿ ಯಾವುದನ್ನು ಅಪ್ಪನಿಗೆ ಮೊದಲು ಹೇಳಿದಳೋ ನೆನಪಿಲ್ಲ, ನೆನಪಿದೆ, ಪರೀಕ್ಷೆಯನ್ನೇ. ಪರೀಕ್ಷೆಯಲ್ಲಿ ಬಂದ ಪ್ರಶ್ನೆಯೂ ಅದೇ, ದೇವರು ಹೀಗೂ ಪರೀಕ್ಷಿಸುತ್ತಾನೆ, ಇಫೋಗಾ ಎಂಬ ಆಚಾರಕ್ಕೂ ಶಿಕ್ಷೆಯ ಪ್ರಮಾಣಕ್ಕೂ ಇರುವ ಸಂಬಂಧವನ್ನು ವಿವರಿಸಿರಿ, ಅವಳು ವಿವರಿಸಿದಳು, ತಪ್ಪು ಮಾಡಿದವನ ಕಡೆಯವರು ನಯಚಾಪೆ ತಲೆಯ ಮೇಲೆ ಹೊದ್ದು, ನಸುಕಿನಲ್ಲಿ ಸತ್ತವನ ಮನೆಯೆದುರು ಮಂಡಿಯೂರುತ್ತಾರೆ, ಮುಂದೆ ಸೌದೆ, ಕಲ್ಲು, ಎಲೆ ಇಡುತ್ತಾರೆ, ನಾವು ನಿಮ್ಮ ಒಲೆಯ ಹಂದಿ, ಬೇಕಾದರೆ ಬೇಯಿಸಿಕೊಳ್ಳಿ ಎಂದು ಅದರ ಅರ್ಥ, ಮನೆಯವರು ಚಾಪೆ ಎತ್ತಿದರೆ ಕ್ಷಮೆ, ಎತ್ತದಿದ್ದರೆ ಹಗೆ, ಎತ್ತಿದ್ದನ್ನು ನ್ಯಾಯಾಲಯ ಗಮನಿಸಿ ಶಿಕ್ಷೆ ಇಳಿಸುವುದುಂಟು — ಅಕ್ಷರ ಗುಂಡಗೆ ಬಂದಿತ್ತು, ಒಳ್ಳೆಯ ಅಂಕವೂ ಬಂತು. ಮಣ್ಣಾದ ಮರುದಿನ ಅಪ್ಪ ಫೋನು ಮಾಡಿದ್ದ, ಬಂದಿದ್ದಾರೆ ಮಗಳೇ, ಅಂಗಳದಲ್ಲಿ ಕೂತಿದ್ದಾರೆ, ಮನೆಮಂದಿಯೆಲ್ಲ ಬಂದಿದ್ದಾರೆ, ಏನ್ ಮಾಡ್ಲಿ, ನೀನು ಕಾನೂನು ಓದಿದೋಳು. ಎತ್ತಬೇಡ ಅಪ್ಪಾ, ಎತ್ತಿದ್ರೆ ಅವನ ಶಿಕ್ಷೆ ಇಳೀತದೆ. ಅಪ್ಪ ಎತ್ತಲಿಲ್ಲ. ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆಯುವತನಕ ಕೂತಿದ್ದು ಎದ್ದುಹೋದರಂತೆ, ಅದನ್ನು ಹೇಳುವಾಗ ಅಪ್ಪನ ದನಿ ಮುದುಕನ ದನಿಯಾಗಿತ್ತು. ಹೊಸ ವರ್ಷ ಹುಟ್ಟಿದ ಮೇಲೆ ತೀರ್ಪು.

ಸೌದೆ, ಕಲ್ಲು, ಎಲೆ. ಜೊಂಪೆ ಕೈಯಿಂದ ಜಾರಿ ಹಾಲಿಗೆ ಬಿತ್ತು. ಅಯ್ಯೋ ತೆಲೇ, ಬಂದಿದ್ದಾರೆ ಕಣೇ, ಮತ್ತೆ ಬಂದಿದ್ದಾರೆ, ಅಂತ ಲೀಸಿ ಅತ್ತೆ ಬಾಗಿಲಲ್ಲೇ ನಿಂತು ಏದುಸಿರು ಬಿಡುತ್ತಿದ್ದಳು, ಚಾಕು ತರೋದು ಮರೆತೇಹೋಯ್ತು ನೋಡು, ಚಾಪೆ ಹೊದ್ದು ಕೂತಿದ್ದಾರೆ, ಕ್ರಿಸ್ತ ಹುಟ್ಟಿದ ದಿನ ಯಾರು ಇಲ್ಲ ಅಂತಾರೆ ಅಂತ ಲೆಕ್ಕ ಹಾಕ್ಕೊಂಡು ಬಂದವ್ರೆ, ಬುದ್ಧಿವಂತರು, ಆದ್ರೆ ಎಂಥಾ ಬುದ್ಧಿವಂತರೇ, ಕಲ್ಲಿದೆ, ಎಲೆ ಇದೆ, ಸೌದೇನೇ ತಂದಿಲ್ಲ, ಬೆಂಕಿ ಇಲ್ದೆ ಬೇಯಿಸ್ಕೊಳ್ಳಿ ಅನ್ನೋ ಹಾಗೆ, ನಿನ್ನಪ್ಪ ಕಂಬಕ್ಕೆ ಒರಗಿ ನೋಡ್ತಾ ಕೂತಿದ್ದಾನೆ, ಎದ್ದೇ ಬಿಡೋ ಹಾಗಿದ್ದ ಪಾಪ, ಎತ್ತೋಕೆ, ಸೌದೆ ಇಲ್ಲದ್ದು ನೋಡಿ ಕೂತುಬಿಟ್ಟ, ನನ್ನ ಮಗನ ಗೋರಿ ಮುಂದೆ ನಾಟಕ ಆಡೋಕೆ ಬಂದಿದಾರಾ ಅಂದ, ಇನ್ನು ಎತ್ತಲ್ಲ ಬಿಡು, ಅವನು ಕೂತ ಅಂದ್ರೆ ಬಂಡೆ — ಏನೇ, ಮುಖ ಯಾಕೆ ಹಾಗಾಯ್ತು, ಹೊಗೆ ಕುಡಿದ್ಯಾ, ಇದೆಂಥಾ ಹೊಗೆಯೇ ಇವತ್ತು, ಮೀನಂಗಡಿ ಥರ.

ಹೇಳಬೇಕಾಗಿಲ್ಲ, ಅಂದಿತು ಒಳಗಿನ ಒಂದು ದನಿ, ನ್ಯಾಯಾಲಯದ ಇಂಗ್ಲಿಷಿನ ಹಾಗೆ ತಣ್ಣಗಿನ ದನಿ, ಸುಮ್ಮನಿದ್ದರೆ ಸಾಕು, ಯಾರೂ ನೋಡಿಲ್ಲ, ಸೌದೆ ಉರಿದು ಬೂದಿಯಾಗುತ್ತದೆ, ಅವರು ಸಂಜೆತನಕ ಕೂತು ಎದ್ದುಹೋಗುತ್ತಾರೆ, ತೀರ್ಪು ಬರುತ್ತದೆ, ಸಕಾರಿಯಾ ಪೂರ್ತಿ ಶಿಕ್ಷೆ ಉಣ್ಣುತ್ತಾನೆ, ನೀನು ಬಯಸಿದ್ದೂ ಅದೇ ಅಲ್ಲವೇ, ಅದೇ, ಅದೇ, ಆದರೆ ಚಾಪೆಯ ಕೆಳಗಿರುವವರು, ಅವರ ತಲೆಯ ಹತ್ತಿರದಿಂದಲೇ ಸೌದೆಯನ್ನು ಎಳೆದುಕೊಂಡೆನಲ್ಲ, ಕೋಳಿಯಲ್ಲ ಅದು, ಅವರು ಕೇಳಿಸಿಕೊಂಡಿದ್ದಾರೆ, ಆಮೇಲೆ ಮನೆಯ ಹಿಂದಿನಿಂದ ತಮ್ಮದೇ ಊರಿನ ಸೌದೆಯ ಹೊಗೆ ಬಂದಿದೆ, ಮೂಗಿಗೆ ಗೊತ್ತಾಗದೆ ಇರುತ್ತದೆಯೇ, ಸರಿ, ಬೇಯಿಸಲು ಹೊರಟಿದ್ದಾರೆ ಎಂದುಕೊಂಡಿದ್ದಾರೆ, ಅಜ್ಜಿಯ ಕಾಲದಲ್ಲಿ ಹಾಗೆ ಹೊರಟವರು ಇದ್ದರಂತೆ, ಮಚ್ಚು ಹಿಡಿದು, ಈ ಕಾಲದಲ್ಲಿ ಯಾರು, ಆದರೂ ಮಗನ ಸಾವು ಯಾವ ಕಾಲದ್ದು, ಹಾಗೆಂದುಕೊಂಡೂ ಎದ್ದು ಓಡಿಲ್ಲ. ಕಾಲುಗಳು ತಾವೇ ನಡೆದವು, ಮನೆಯ ಪಕ್ಕದ ಓಣಿ, ಕೋಳಿಮರಿಗಳು, ಅಮ್ಮ ಬಾವಿಕಟ್ಟೆಯಲ್ಲಿ ಹಬ್ಬದ ತಟ್ಟೆಗಳನ್ನು ತೊಳೆಯುತ್ತಾ ಬೆನ್ನು ತಿರುಗಿಸಿಯೇ ಇದ್ದಾಳೆ, ಅಂಗಳಕ್ಕೆ ತಿರುಗಲಾರಳು, ಒಂದು ತಟ್ಟೆ ಹೆಚ್ಚು ತೊಳೆದಿದ್ದಾಳೆ, ನೋಡಿದರೂ ಹೇಳುವವರು ಯಾರು.

ಚಾಪೆ. ಮದುವೆಗೂ ಸಾವಿಗೂ ಮಾತ್ರ ಪೆಟ್ಟಿಗೆಯಿಂದ ತೆಗೆಯುವ ಚಾಪೆ, ಕೇದಗೆಯ ಗರಿಯನ್ನು ಕೂದಲಿನಷ್ಟು ಸಣ್ಣಗೆ ಸೀಳಿ ನೇಯ್ದದ್ದು, ಅಂಚಿನಲ್ಲಿ ಹಕ್ಕಿಯ ಕೆಂಪು ಗರಿ, ಬಿಸಿಲು ಆಗಲೇ ಅದರ ಮೇಲೆ ಏರಿತ್ತು, ಅಂಗಳದಲ್ಲೇ ಕಟ್ಟಿದ ಅಪೇಲುವಿನ ಹೊಸ ಗೋರಿಯ ಸುಣ್ಣ ಕಣ್ಣು ಕುಕ್ಕುತ್ತಿತ್ತು, ಗುಪ್ಪೆ ಎಷ್ಟು ಸಣ್ಣದು, ಗೆಡ್ಡೆಯ ರಾಶಿ ಅಂದುಕೊಂಡದ್ದು ಸುಳ್ಳಲ್ಲ, ಮನೆಮಂದಿ ಎಲ್ಲಿ, ಒಬ್ಬರೇ ಇರಬೇಕು, ಒಬ್ಬರ ಬೆನ್ನಿನಷ್ಟೇ ಇದೆ — ಚಾಪೆ ಏರಿತು, ಇಳಿಯಿತು. ಉಸಿರು. ಅಪೇಲುವನ್ನು ಮಲಗಿಸಿದ್ದ ದಿನ ಇಯೋಸೇಫೋ ವೀಡಿಯೊ ಕಳಿಸಿದ್ದ, ಕಂಬಗಳ ನಡುವೆ ಹೂವು, ಹಾಡು, ಕುತ್ತಿಗೆತನಕ ಹೊದಿಸಿದ ಇಂಥದೇ ಚಾಪೆ, ಹಾಸ್ಟೆಲಿನ ಮಂಚದ ಮೇಲೆ ಕೂತು ಅವಳು ಅದನ್ನು ಹಿಂದಕ್ಕೆ ತಂದು ತಂದು ನೋಡಿದ್ದಳು, ಮುಖವನ್ನಲ್ಲ, ಚಾಪೆಯನ್ನು, ಎದೆಯ ಮೇಲಿನ ಆ ಒಂದು ಜಾಗವನ್ನು, ಎಲ್ಲಿ ಒಂದು ಸಲ ಏರುತ್ತದೋ, ಏರಿದ ಹಾಗೆ ಕಂಡಿತೋ, ಗಾಳಿ, ಗಾಳಿಗೆ ಅಂಚು ಅಲುಗಿತ್ತು ಅಷ್ಟೇ, ಕರ್ತನೇ, ಲಾಜರನನ್ನು ಎಬ್ಬಿಸಿದವನೇ, ಒಂದು ಸಲ ಅಂತ ಬೇಡಿದ್ದಳು, ಮರುದಿನ ಪರೀಕ್ಷೆಗೆ ಹೋಗಿ ಗುಂಡಗೆ ಬರೆದಿದ್ದಳು.

ಅಪ್ಪಾ, ಅಂದಳು, ಗೋಡೆಯಿಲ್ಲದ ಮನೆಯ ಅಂಚಿನಲ್ಲಿ ತಲೆ ತಗ್ಗಿಸಿ ಕೂತು, ಅಪ್ಪ ತಿರುಗಲಿಲ್ಲ, ಅಪ್ಪಾ, ಅವರು ಸೌದೆ ತಂದಿದ್ರು, ನಾನು ತಗೊಂಡ್ಹೋದೆ, ಇಯೋಸೇಫೋ ಇಟ್ಟಿದ್ದು ಅಂದ್ಕೊಂಡು, ಒಲೆಗೆ ಹಾಕ್ಬಿಟ್ಟೆ, ಉರೀತಾ ಇದೆ. ಅಪ್ಪ ಮೂಗಿನಿಂದ ಮೆಲ್ಲಗೆ ಗಾಳಿ ಎಳೆದುಕೊಂಡ, ಆಗಲೇ ಅವನಿಗೂ ವಾಸನೆ ಸಿಕ್ಕಿದ್ದು ಅಂತ ಕಾಣುತ್ತದೆ. ಹಾಗಾದ್ರೆ ಬೆಳಗಿಂದ ಅವಳು ಬೆಂದೇ ಹೋಗಿರ್ತಾಳೆ, ಅಂದ. ಅವಳಾ ಅಪ್ಪಾ. ಸಕಾರಿಯಾನ ತಾಯಿ, ಕಾಲು ನೋಡಿದ್ರೆ ತಿಳಿಯಲ್ವಾ, ಆವತ್ತು ನಾನು ಎತ್ತದೆ ಇದ್ದಿದ್ದಕ್ಕೆ ಅವರ ಮನೆಯೋರು ಇನ್ನು ಬರಲ್ಲ ಅಂದ್ರಂತೆ, ಒಬ್ಬಳೇ ಕಾಂಡ್ಲಾ ಕಡಿದು ಹೊತ್ಕೊಂಡು ಗುಡ್ಡ ಹತ್ತಿ ಬಂದಿದಾಳೆ. ಎತ್ತು ಅಪ್ಪಾ. ನಾನಾ, ಅಂದ, ನಗುವಿನಂಥದ್ದು ಏನೋ ಬಾಯಲ್ಲಿ ಬಂದು ಹೋಯಿತು, ಆವತ್ತು ಎತ್ತಬೇಡ ಅಂದೋಳು ನೀನು, ಇವತ್ತು ಎತ್ತು ಅನ್ನೋಳೂ ನೀನು, ನಾಚಿಕೆ ಆಯ್ತು ಅಂತ ಎತ್ತಬಾರದು ಮಗಳೇ, ಸೌದೆ ಸುಟ್ಟಿದ್ದಕ್ಕೆ ಬದಲಿ ಕೊಡೋ ಹಾಗಾಗ್ತದೆ ಅದು, ಹುಡುಗನ ಲೆಕ್ಕ ಬೇರೆ. ಆಮೇಲೆ, ತಿರುಗಿ, ಮೊದಲ ಸಲ ಅವಳ ಮುಖ ನೋಡಿ, ನೀನು ಅವನ ಅಕ್ಕ, ಅಂದ, ನಮ್ಮಲ್ಲಿ ಅಕ್ಕನ ಮಾತು ದಾಟೋ ತಮ್ಮ ಇಲ್ಲ, ಮಣ್ಣೊಳಗಿದ್ರೂ ಅಷ್ಟೇ, ನೀನು ಎತ್ತಿದ್ರೆ ಅವನೇ ಎತ್ತಿದ ಹಾಗೆ, ನೀನು ಬಿಟ್ರೆ ಅವನೇ ಬಿಟ್ಟ ಹಾಗೆ, ಹೋಗು, ಮನೆತನದ ಯಜಮಾನ ಅನ್ನೋ ಪಟ್ಟ ನನ್ನದಿರಬಹುದು, ಈ ಕೆಲಸ ನನ್ನ ಕೈಲಿ ಆಗಲ್ಲ.

ಹುಲ್ಲು ಅಂಗಾಲಿಗೆ ಬಿಸಿ, ಚರ್ಚಿನ ಗಂಟೆ ಶುರುವಾಗಿದೆ, ರಸ್ತೆಯಲ್ಲಿ ಬಿಳಿ ಬಟ್ಟೆಯವರು ನಡೆಯುತ್ತಾ ನಡೆಯುತ್ತಾ ನಿಂತಿದ್ದಾರೆ, ಹಿಂದಿನಿಂದ ಹೊಗೆ ತಗ್ಗಿನಲ್ಲಿ ಹರಿದು ಬಂದು ಚಾಪೆಯ ಅಂಚಿಗೆ ತಾಗುತ್ತಿದೆ, ಅಂಚಿನಾಚೆ ಎರಡು ಪಾದ, ಒಡೆದ ಹಿಮ್ಮಡಿ, ಕಾಂಡ್ಲಾ ಕೆಸರು ಒಣಗಿ ಬೆಳ್ಳಗಾಗಿದೆ, ಅವಳು ಬಗ್ಗಿದಳು, ಕೈಯಲ್ಲಿ ತೆಂಗಿನ ಹಾಲಿನ ಜಿಡ್ಡು, ಮಸಿ, ಚಾಪೆಗೆ ಕಲೆಯಾಗುತ್ತದೆ, ಆಗಲಿ, ಕೆಂಪು ಗರಿಯ ಮೂಲೆಯನ್ನು ಹಿಡಿದಳು — ಏನು ಹೇಳಬೇಕು, ಕ್ಷಮಿಸಿದೆ ಅನ್ನಬೇಕೇ, ಕ್ಷಮಿಸಿದ್ದೇನೆಯೇ, ಗೊತ್ತಿಲ್ಲ ತಂದೆಯೇ, ಸಿಟ್ಟನ್ನು ಹುಡುಕಿದರೆ ಸಿಟ್ಟು ಸಿಗುತ್ತಿಲ್ಲ, ಎಲ್ಲಿಟ್ಟೆನೋ, ಆದರೂ ಕೈ ಏಕೆ ಏಳುತ್ತಿಲ್ಲ, ಎತ್ತಿದರೆ ಒಬ್ಬಳು ಹೆಂಗಸು, ನರೆತ ಕೂದಲು, ಬೆವರು, ನನ್ನನ್ನು ನೋಡುವ ಎರಡು ಕಣ್ಣು, ಎತ್ತದೆ ಇರುವತನಕ ಅದು ಯಾರ ಬೆನ್ನೂ ಆಗಬಹುದು, ಯಾರ ಎದೆಯೂ, ಆ ಒಂದು ಜಾಗ, ಚಾಪೆ ಏರಿತು, ನೋಡು, ಏರಿತು, ಗಾಳಿಯಿಲ್ಲ, ಒಂದೆಲೆಯೂ ಅಲುಗುತ್ತಿಲ್ಲ, ಇಳಿಯಿತು, ಎತ್ತುತ್ತೇನೆ, ಈಗ ಎತ್ತುತ್ತೇನೆ, ಇನ್ನೊಂದು ಸಲ ಏರಲಿ, ಒಂದೇ ಸಲ, ಆಮೇಲೆ — ಏರಿತು — ಇಳಿಯಿತು — ಏರಿತು